ಅಡಿಕೆ ಸಿಪ್ಪೆ, ತೆಂಗಿನ ಚಿಪ್ಪಿನ ಇದ್ದಿಲು ಬಣ್ಣದ ನೀರನ್ನು ತಿಳಿಯಾಗಿಸುತ್ತದೆ ನಿಜ. ಆದರೆ ಆ ನೀರು ಕುಡಿಯಲು ಯೋಗ್ಯವೇ?

ಗಾಜಿನ ಲೋಟದಲ್ಲಿ ಕಡು ನೀಲಿ ನೀರು. ಅದಕ್ಕೆ ಒಂದು ಚಮಚ ಕಪ್ಪು ಪುಡಿ ಬೀಳುತ್ತದೆ. ಚೆನ್ನಾಗಿ ಕಲಕಿ, ಬಟ್ಟೆಯಲ್ಲಿ ಸೋಸಿದರೆ ಕೆಳಗಿನ ಲೋಟಕ್ಕೆ ಸ್ಫಟಿಕದಂಥ ನೀರು ಇಳಿಯುತ್ತದೆ. ಹಿನ್ನೆಲೆಯಲ್ಲಿ ಉತ್ಸಾಹದ ದನಿ: "ಕಾರ್ಖಾನೆಯ ವಿಷದ ನೀರೂ ಕುಡಿಯುವ ನೀರಾಯಿತು! ಲಕ್ಷಾಂತರ ರೂಪಾಯಿಯ ಯಂತ್ರ ಬೇಡ, ನಾವು ಬಿಸಾಡುವ ಸಿಪ್ಪೆ ಸಾಕು. ಎಲ್ಲರಿಗೂ ಶೇರ್ ಮಾಡಿ."

ಇಂಥ ವಿಡಿಯೊಗಳು ಬೇರೆ ಬೇರೆ ರೂಪದಲ್ಲಿ ನಮ್ಮ ಫೋನುಗಳಿಗೆ ಬರುತ್ತಲೇ ಇರುತ್ತವೆ. ಒಮ್ಮೆ ಬಾಳೆಹಣ್ಣಿನ ಸಿಪ್ಪೆ, ಇನ್ನೊಮ್ಮೆ ತೆಂಗಿನ ಚಿಪ್ಪು, ಮತ್ತೊಮ್ಮೆ ಶೇಂಗಾ ಸಿಪ್ಪೆ. "ಇದು ನಿಜವಾ? ನಮ್ಮೂರಿನ ಬೋರ್‌ವೆಲ್ ನೀರಿಗೂ ಹೀಗೆ ಮಾಡಬಹುದಾ?" ಎಂದು ಓದುಗರು ಕೇಳಿದ್ದಾರೆ. ಪ್ರಶ್ನೆ ಸರಳವಾಗಿ ಕಂಡರೂ ಉತ್ತರ ತಪ್ಪಾದರೆ ಯಾರದೋ ಮನೆಯ ಮಗು ಕುಡಿಯಬಾರದ ನೀರನ್ನು ಕುಡಿದೀತು. ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ಒಂದೇ ನೋಟದಲ್ಲಿ

ಹೇಳಿಕೆ: ಕೃಷಿ ತ್ಯಾಜ್ಯದಿಂದ ಮಾಡಿದ ಪುಡಿ ಬಣ್ಣದ ನೀರನ್ನು ಕುಡಿಯುವ ನೀರಾಗಿಸುತ್ತದೆ.

ನಿಜ ಎಷ್ಟು: ಸರಿಯಾಗಿ ಸಂಸ್ಕರಿಸಿದ ಸಸ್ಯ ತ್ಯಾಜ್ಯ ನೀರಿನಲ್ಲಿರುವ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಇದು ಗಟ್ಟಿ ವಿಜ್ಞಾನ, ಮೋಡಿಯಲ್ಲ.

ಸುಳ್ಳು ಎಲ್ಲಿ: ಬಣ್ಣ ಹೋದ ಮಾತ್ರಕ್ಕೆ ನೀರು ಶುದ್ಧವಾಗುವುದಿಲ್ಲ. ಕಣ್ಣಿಗೆ ಕಾಣದ ಉಪ್ಪು, ಕೆಲವು ಲೋಹಗಳು, ರೋಗಾಣುಗಳು ಅದರಲ್ಲೇ ಉಳಿಯಬಹುದು.

ನಮ್ಮ ತೀರ್ಪು: ಅರ್ಧಸತ್ಯ. ಕುಡಿಯುವ ನೀರಿನ ವಿಷಯದಲ್ಲಿ ಅರ್ಧಸತ್ಯ ಅಪಾಯಕಾರಿ.

ನೀರಿಗೆ ಬಣ್ಣ ಬರುವುದು ಎಲ್ಲಿಂದ?

1856ರಲ್ಲಿ ಲಂಡನ್ನಿನ ಹದಿನೆಂಟು ವರ್ಷದ ವಿದ್ಯಾರ್ಥಿ ವಿಲಿಯಂ ಹೆನ್ರಿ ಪರ್ಕಿನ್, ಮಲೇರಿಯಾಗೆ ಔಷಧಿಯಾದ ಕ್ವಿನೈನ್ ತಯಾರಿಸಲು ಹೊರಟು ಆಕಸ್ಮಿಕವಾಗಿ ನೇರಳೆ ಬಣ್ಣವೊಂದನ್ನು ಪಡೆದ. ಕೃತಕ ಬಣ್ಣಗಳ ಉದ್ಯಮ ಅಲ್ಲಿಂದ ಶುರುವಾಯಿತು. ಇಂದು ನಾವು ತೊಡುವ ಬಟ್ಟೆಗಳ ಬಣ್ಣ ಬಹುಪಾಲು ಕೃತಕವೇ.

ಬಣ್ಣ ಹಾಕುವಾಗ ಹಾಕಿದ್ದೆಲ್ಲ ಬಟ್ಟೆಗೆ ಹಿಡಿಯುವುದಿಲ್ಲ. ಹತ್ತಿ ಬಟ್ಟೆಗೆ ಹೆಚ್ಚಾಗಿ ಬಳಸುವ ರಿಯಾಕ್ಟಿವ್ ಬಣ್ಣಗಳಲ್ಲಿ ಹತ್ತರಲ್ಲಿ ಒಂದರಿಂದ ಮೂರು ಪಾಲಿನವರೆಗೂ ಬಟ್ಟೆಗೆ ಅಂಟದೆ ತೊಳೆದ ನೀರಿನ ಜೊತೆ ಹೋಗಬಹುದು. ಹೊಸ ಕೆಂಪು ಬಟ್ಟೆಯನ್ನು ಬಿಳಿ ಅಂಗಿಯ ಜೊತೆ ನೆನೆಹಾಕಿ ಬೈಸಿಕೊಂಡವರಿಗೆ ಉಳಿದ ಬಣ್ಣ ಏನು ಮಾಡುತ್ತದೆ ಎಂದು ಹೇಳಬೇಕಾಗಿಲ್ಲ.

ಈ ಬಣ್ಣಗಳು ಬಿಸಿಲು, ಬೆವರು, ಸೋಪು ಯಾವುದಕ್ಕೂ ಮಾಸಬಾರದು ಎಂದೇ ತಯಾರಾದವು. ಬಟ್ಟೆಯ ಮೇಲೆ ಅದು ಗುಣ, ನದಿಯಲ್ಲಿ ಅದೇ ದೋಷ. ಸುಲಭವಾಗಿ ಕೊಳೆಯುವುದಿಲ್ಲ. ಕೆಲವು ಬಣ್ಣಗಳು ಒಂದು ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಂನಷ್ಟಿದ್ದರೂ ಕಣ್ಣಿಗೆ ಕಾಣುತ್ತವೆ. ನೀರಿನೊಳಗೆ ಬೆಳಕು ಇಳಿಯದಿದ್ದರೆ ಪಾಚಿ, ಜಲಸಸ್ಯಗಳು ಸೊರಗುತ್ತವೆ, ಅವನ್ನು ನಂಬಿದ ಮೀನಿಗೂ ಕುತ್ತು. ಇನ್ನು ಅಜೋ ಎಂಬ ಗುಂಪಿನ ಕೆಲವು ಬಣ್ಣಗಳು ಒಡೆದಾಗ ಕ್ಯಾನ್ಸರ್ ತರಬಲ್ಲ ಅಮೈನ್‌ಗಳು ಹುಟ್ಟುತ್ತವೆ. ಈ ಕಾರಣಕ್ಕೇ ಭಾರತ ಸರ್ಕಾರ 1990ರ ದಶಕದಲ್ಲಿ ಇಂಥ 112 ಬಣ್ಣಗಳನ್ನು ನಿಷೇಧಿಸಿತು.

ಕರ್ನಾಟಕದ ಓದುಗರಿಗೆ ಒಂದು ಹೆಸರು ಈಗಾಗಲೇ ಪರಿಚಿತ: ರೋಡಮೈನ್-ಬಿ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ಕೃತಕ ಬಣ್ಣ ಬಳಸಬಾರದೆಂದು ರಾಜ್ಯ ಸರ್ಕಾರ ಆದೇಶಿಸಿದಾಗ ಸುದ್ದಿಯಾದದ್ದು ಇದೇ. ಅದು ಆಹಾರದ ಬಣ್ಣವಲ್ಲ, ಬಟ್ಟೆ, ಕಾಗದಕ್ಕೆ ಹಾಕುವ ಬಣ್ಣ.

ಸಿಪ್ಪೆ ಬಣ್ಣವನ್ನು ಹಿಡಿಯುವುದು ಹೇಗೆ?

ಸ್ಪಂಜು ನೀರನ್ನು ಹೀರುವುದು ನಮಗೆ ಗೊತ್ತು. ಅಲ್ಲಿ ನೀರು ಸ್ಪಂಜಿನ ಒಳಗೆ ಸೇರುತ್ತದೆ. ಇಲ್ಲಿ ನಡೆಯುವುದು ಅದಲ್ಲ. ಬಣ್ಣದ ಅಣುಗಳು ಪುಡಿಯ ಮೇಲ್ಮೈಗೆ ಬಂದು ಅಂಟಿಕೊಳ್ಳುತ್ತವೆ, ಟಿವಿ ಪರದೆಗೆ ಧೂಳು ಅಂಟಿದ ಹಾಗೆ. ವಿಜ್ಞಾನದಲ್ಲಿ ಇದಕ್ಕೆ ಅಡ್ಸಾರ್ಪ್ಷನ್ ಎನ್ನುತ್ತಾರೆ. ಕನ್ನಡದಲ್ಲಿ ಮೇಲ್ಮೈ ಅಂಟುವಿಕೆ ಎನ್ನೋಣ.

ಅಂಟಬೇಕೆಂದರೆ ಜಾಗ ಬೇಕು. ಎಷ್ಟು ಹೆಚ್ಚು ಮೇಲ್ಮೈ ಇದೆಯೋ ಅಷ್ಟು ಬಣ್ಣ ಅಂಟುತ್ತದೆ. ಒಳ್ಳೆಯ ಸಕ್ರಿಯ ಇದ್ದಿಲಿನ ಒಳಗೆ ಕಣ್ಣಿಗೆ ಕಾಣದ ಕೋಟ್ಯಂತರ ರಂಧ್ರಗಳಿರುತ್ತವೆ. ಆ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಲು ಸಾಧ್ಯವಾದರೆ, ಒಂದೇ ಒಂದು ಗ್ರಾಂ ಇದ್ದಿಲು ಸುಮಾರು 1000 ಚದರ ಮೀಟರ್ ಜಾಗ ತುಂಬೀತು. ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ ಒಂದು ಚಿಟಿಕೆ ಪುಡಿಯೊಳಗೆ ಏಳಕ್ಕೂ ಹೆಚ್ಚು ಕಬಡ್ಡಿ ಅಂಕಣಗಳು ಮಡಚಿಕೊಂಡು ಕೂತಿವೆ!

ಇದು ಹೊಸ ಸಂಶೋಧನೆಯೂ ಅಲ್ಲ, ಯಾರೋ ಮುಚ್ಚಿಟ್ಟ ರಹಸ್ಯವೂ ಅಲ್ಲ. ಇದ್ದಿಲು ದ್ರಾವಣಗಳ ಬಣ್ಣ ತೆಗೆಯುತ್ತದೆ ಎಂದು ಟೊಬಿಯಾಸ್ ಲೊವಿಟ್ಜ್ ಎಂಬ ರಸಾಯನ ವಿಜ್ಞಾನಿ ಗುರುತಿಸಿದ್ದು 1785ರಲ್ಲಿ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದಿಂದ ಸೈನಿಕರನ್ನು ಉಳಿಸುವ ಮುಖವಾಡಗಳಿಗೆ ತೆಂಗಿನ ಚಿಪ್ಪಿನ ಇದ್ದಿಲು ಬಳಸಿದರು. ಚಿಪ್ಪು ಸಾಲದೆ ಬಂದಾಗ 1918ರಲ್ಲಿ ಅಮೆರಿಕದ ಜನರಿಂದ ಪೀಚ್ ಹಣ್ಣಿನ ಗೊರಟುಗಳನ್ನೂ ಸಂಗ್ರಹಿಸಿದರು. ಅಷ್ಟು ದೂರ ಏಕೆ, ನಿಮ್ಮ ಮನೆಯ ವಾಟರ್ ಫಿಲ್ಟರಿನ ಕಾರ್ಬನ್ ಕ್ಯಾಂಡಲ್ ಒಳಗೂ ಬಹಳ ಸಲ ಇರುವುದು ತೆಂಗಿನ ಚಿಪ್ಪಿನ ಇದ್ದಿಲೇ.

'ಸಂಸ್ಕರಿಸುವುದು' ಎಂದರೆ ಏನು?

ವಿಡಿಯೊಗಳು ಅವಸರದಲ್ಲಿ ದಾಟಿಹೋಗುವ ಭಾಗ ಇದು. ಸಿಪ್ಪೆಯನ್ನು ಹಾಗೇ ನೀರಿಗೆ ಹಾಕಿದರೆ ಏನಾಗುತ್ತದೆ ಎಂದು ಮಲೆನಾಡಿನವರನ್ನು ಕೇಳಿ. ಮಳೆಗಾಲದಲ್ಲಿ ಅಡಿಕೆ ಸಿಪ್ಪೆಯ ರಾಶಿಯಿಂದ ಹರಿದುಬರುವ ನೀರು ಕಂದು ಬಣ್ಣದ್ದು. ಸಿಪ್ಪೆಯಲ್ಲಿರುವ ಟ್ಯಾನಿನ್‌ನಂಥ ಒಗರು ವಸ್ತುಗಳು ನೀರಿಗೆ ಬಿಡುತ್ತವೆ. ಅಂದರೆ ಹಸಿ ಸಿಪ್ಪೆ ಒಂದು ಬಣ್ಣವನ್ನು ತೆಗೆಯುವಾಗ ಇನ್ನೊಂದನ್ನು ಸೇರಿಸಬಹುದು. ನೀರು ಕೊಳೆತು ನಾರಲೂಬಹುದು.

ಆದ್ದರಿಂದ ಸಿಪ್ಪೆಯನ್ನು ಹದಗೊಳಿಸಬೇಕು. ಮುಖ್ಯವಾಗಿ ಮೂರು ದಾರಿಗಳಿವೆ.

ಒಂದು, ತೊಳೆದು ರಾಸಾಯನಿಕದಿಂದ ಹದ ಮಾಡುವುದು. ಸಿಪ್ಪೆಯನ್ನು ಒಣಗಿಸಿ ಪುಡಿ ಮಾಡಿ, ಆಮ್ಲ ಅಥವಾ ಕಾಸ್ಟಿಕ್ ಸೋಡಾದಂಥ ಕ್ಷಾರದಲ್ಲಿ ನೆನೆಸಿ ತೊಳೆಯುತ್ತಾರೆ. ಬಿಡುವ ಬಣ್ಣ ಹೊರಟುಹೋಗುತ್ತದೆ, ನಾರಿನ ಮೇಲ್ಮೈ ತೆರೆದುಕೊಳ್ಳುತ್ತದೆ.

ಎರಡು, ಗಾಳಿ ಕಡಿಮೆ ಇರುವ ಕಡೆ ಸುಡುವುದು. ಬೂದಿಯಾಗದಂತೆ ಕರಿಕಾಗಿಸಿದರೆ ಬಯೋಚಾರ್ ಸಿಗುತ್ತದೆ. ಇದು ಸಾಮಾನ್ಯ ಇದ್ದಿಲಿನ ಸೋದರಿ.

ಮೂರು, ಸಕ್ರಿಯಗೊಳಿಸುವುದು. ಕರಿಕಾದ ವಸ್ತುವಿನ ಮೇಲೆ 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನೀರಾವಿ ಹಾಯಿಸುತ್ತಾರೆ. ಇಲ್ಲವೇ ಸಿಪ್ಪೆಯನ್ನು ಫಾಸ್ಫಾರಿಕ್ ಆಮ್ಲದಂಥ ವಸ್ತುವಿನಲ್ಲಿ ನೆನೆಸಿ 400ರಿಂದ 600 ಡಿಗ್ರಿಯಲ್ಲಿ ಕಾಯಿಸಿ, ನಂತರ ಆಮ್ಲ ಹೋಗುವ ತನಕ ತೊಳೆಯುತ್ತಾರೆ. ಡಾಂಬರಿನಂಥ ಜಿಡ್ಡಿನಿಂದ ಮುಚ್ಚಿಹೋದ ರಂಧ್ರಗಳು ಆಗ ತೆರೆದುಕೊಳ್ಳುತ್ತವೆ, ಹೊಸ ರಂಧ್ರಗಳೂ ಹುಟ್ಟುತ್ತವೆ.

ಒಲೆಯ ಇದ್ದಿಲಿಗೂ ಸಕ್ರಿಯ ಇದ್ದಿಲಿಗೂ ಇರುವ ವ್ಯತ್ಯಾಸ ಇದೇ. ಎರಡೂ ಕಪ್ಪಗೇ ಇರುತ್ತವೆ. ಒಂದು ಬಾಗಿಲು ಮುಚ್ಚಿದ ಮನೆ, ಇನ್ನೊಂದು ಎಲ್ಲ ಕೋಣೆಗಳನ್ನೂ ತೆರೆದಿಟ್ಟ ಮನೆ.

ಪ್ರಯೋಗಗಳಲ್ಲಿ ನೀಲಿ ಬಣ್ಣವೇ ಏಕೆ ಹೆಚ್ಚು?

ಗಮನಿಸಿ ನೋಡಿ. ಇಂಥ ಪ್ರಯೋಗಗಳಲ್ಲಿ ಬಹಳ ಸಲ ಬಳಸುವುದು ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ. ಪ್ರಯೋಗಾಲಯಗಳಲ್ಲೂ ಅದು ಅಚ್ಚುಮೆಚ್ಚು. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಎಷ್ಟು ಉಳಿದಿದೆ ಎಂದು ಅಳೆಯುವುದೂ ಸುಲಭ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ: ಸಸ್ಯದ ನಾರಿಗೂ ಅದಕ್ಕೂ ಚೆನ್ನಾಗಿ ಹೊಂದುತ್ತದೆ.

ಕೆಲವು ಬಣ್ಣದ ಅಣುಗಳು ನೀರಿನಲ್ಲಿ ಧನ ವಿದ್ಯುದಂಶ ಹೊತ್ತಿರುತ್ತವೆ, ಕೆಲವು ಋಣ ವಿದ್ಯುದಂಶ. ಸಸ್ಯದ ನಾರಿನ ಮೇಲ್ಮೈ ಸಾಮಾನ್ಯವಾಗಿ ನೀರಿನಲ್ಲಿ ಋಣ. ಮಿಥಿಲೀನ್ ಬ್ಲೂ ಧನ. ಹೀಗಾಗಿ ಅಯಸ್ಕಾಂತದ ವಿರುದ್ಧ ಧ್ರುವಗಳಂತೆ ಎರಡೂ ಒಂದನ್ನೊಂದು ಸೆಳೆಯುತ್ತವೆ. ಸಿಪ್ಪೆ ಯಾವುದಾದರೂ ಸರಿ, ಬಣ್ಣ ಸರಸರನೆ ಹಿಡಿಯುತ್ತದೆ. ವಿಡಿಯೊ ಚೆನ್ನಾಗಿ ಬರುತ್ತದೆ.

ಆದರೆ ನಿಮ್ಮ ಹತ್ತಿ ಅಂಗಿಗೆ ಹಾಕುವ ರಿಯಾಕ್ಟಿವ್ ಬಣ್ಣ, ರೇಷ್ಮೆ ಮತ್ತು ಉಣ್ಣೆಗೆ ಹಾಕುವ ಆಸಿಡ್ ಬಣ್ಣ ಬಹುಪಾಲು ಋಣ ವಿದ್ಯುದಂಶದವು. ಅವು ಅದೇ ಸಿಪ್ಪೆಯಿಂದ ದೂರ ಸರಿಯುತ್ತವೆ. ಅವನ್ನು ಹಿಡಿಯಲು ನೀರಿನ ಹುಳಿ-ಕ್ಷಾರದ ಮಟ್ಟವನ್ನು ಬದಲಿಸಬೇಕು, ಇಲ್ಲವೇ ಸಿಪ್ಪೆಯ ಮೇಲ್ಮೈಗೆ ಧನ ವಿದ್ಯುದಂಶ ಬರುವಂತೆ ಬೇರೆ ರಾಸಾಯನಿಕದಿಂದ ಹದ ಮಾಡಬೇಕು. ರಿಯಾಕ್ಟಿವ್ ಬಣ್ಣದ ತೊಟ್ಟಿಯ ನೀರು ಸಾಮಾನ್ಯವಾಗಿ ಕ್ಷಾರೀಯ. ನಾರಿನ ಋಣ ಗುಣವನ್ನು ಅದು ಇನ್ನಷ್ಟು ಹೆಚ್ಚಿಸುತ್ತದೆ.

ಹಾಗಾಗಿ 'ಸಿಪ್ಪೆ ನೂರಕ್ಕೆ ತೊಂಬತ್ತು ಭಾಗ ಬಣ್ಣ ತೆಗೆಯಿತು' ಎಂದು ಓದಿದಾಗ ಕೇಳಬೇಕಾದ ಮೊದಲ ಪ್ರಶ್ನೆ: ಯಾವ ಬಣ್ಣ? ಪ್ರಯೋಗಾಲಯದಲ್ಲಿ ಒಂದೇ ಬಣ್ಣ, ಶುದ್ಧ ನೀರು, ನುಣ್ಣನೆ ಪುಡಿ, ಗಂಟೆಗಟ್ಟಲೆ ಅಲುಗಾಡಿಸುವ ಯಂತ್ರ ಇರುತ್ತವೆ. ಕಾರ್ಖಾನೆಯ ಚರಂಡಿಯಲ್ಲಿ ನಾಲ್ಕಾರು ಬಣ್ಣ, ಉಪ್ಪು, ಸೋಪು, ಗಂಜಿ, ಎಣ್ಣೆ ಎಲ್ಲವೂ ಕೂಡಿ ಹರಿಯುತ್ತವೆ. ಸಿಪ್ಪೆಯ ಮೇಲಿನ ಅದೇ ಜಾಗಕ್ಕೆ ಎಲ್ಲವೂ ಪೈಪೋಟಿ ನಡೆಸುತ್ತವೆ.

ಬಣ್ಣ ಹೋಯಿತು, ಉಳಿದದ್ದು ಏನು?

ಈಗ ಮುಖ್ಯ ವಿಷಯಕ್ಕೆ ಬರೋಣ. ಹತ್ತಿ ಬಟ್ಟೆಗೆ ರಿಯಾಕ್ಟಿವ್ ಬಣ್ಣ ಹಿಡಿಸಲು ತೊಟ್ಟಿಗೆ ಉಪ್ಪು ಸುರಿಯುತ್ತಾರೆ. ನೀರಿನಲ್ಲಿರುವ ಬಣ್ಣವನ್ನು ಬಟ್ಟೆಯ ಕಡೆಗೆ ತಳ್ಳುವುದು ಈ ಉಪ್ಪೇ. ಗಾಢ ಬಣ್ಣ ಬೇಕೆಂದರೆ ಲೀಟರಿಗೆ 60ರಿಂದ 80 ಗ್ರಾಂ ಉಪ್ಪು ಹಾಕುವುದುಂಟು. ಸಮುದ್ರದ ನೀರಿನಲ್ಲಿ ಇರುವುದು ಲೀಟರಿಗೆ ಸುಮಾರು 35 ಗ್ರಾಂ. ಅಂದರೆ ಬಣ್ಣದ ತೊಟ್ಟಿಯ ನೀರು ಸಮುದ್ರಕ್ಕಿಂತ ಉಪ್ಪು. ತೊಳೆದ ನೀರೆಲ್ಲ ಸೇರಿ ತೆಳುವಾದ ಮೇಲೂ ಲೀಟರಿಗೆ ಹಲವು ಗ್ರಾಂ ಉಳಿಯುತ್ತದೆ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಒಟ್ಟು ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 2000 ಮಿಲಿಗ್ರಾಂ ತನಕ ಒಪ್ಪಬಹುದು.

ಇದ್ದಿಲು ಅಡುಗೆ ಉಪ್ಪನ್ನು ಹಿಡಿಯುವುದಿಲ್ಲ. ಬಣ್ಣದ ಅಣು ದೊಡ್ಡದು, ಚಪ್ಪಟೆ, ಇದ್ದಿಲಿನ ಗೋಡೆಗೆ ಚೆನ್ನಾಗಿ ಅಂಟುತ್ತದೆ. ಕರಗಿದ ಉಪ್ಪಿನ ಕಣಗಳು ನೀರನ್ನೇ ಅಪ್ಪಿಕೊಂಡಿರುತ್ತವೆ. ಇದ್ದಿಲಿನ ಪಕ್ಕದಲ್ಲೇ ಹಾದು ನೇರ ಕೆಳಗಿನ ಲೋಟಕ್ಕೆ ಇಳಿಯುತ್ತವೆ, ಯಾವ ಬಣ್ಣವೂ ಇಲ್ಲದೆ.

ಇದು ಬರೀ ಪುಸ್ತಕದ ಮಾತಲ್ಲ. ತಮಿಳುನಾಡಿನ ತಿರುಪ್ಪೂರಿನ ಕಥೆ ಇದನ್ನೇ ಹೇಳುತ್ತದೆ.

ತಿರುಪ್ಪೂರು ಕಲಿಸಿದ ಪಾಠ

ನೀವು ಈಗ ತೊಟ್ಟಿರುವ ಟೀ ಶರ್ಟ್ ತಿರುಪ್ಪೂರಿನದಾಗಿರುವ ಸಾಧ್ಯತೆ ಸಾಕಷ್ಟಿದೆ. ಹೆಣೆದ ಹತ್ತಿ ಉಡುಪಿನ ರಫ್ತಿಗೆ ಹೆಸರಾದ ಈ ಊರಿನ ಮಧ್ಯೆ ಕಾವೇರಿಯ ಉಪನದಿ ನೊಯ್ಯಲ್ ಹರಿಯುತ್ತದೆ. ನೂರಾರು ಬಣ್ಣದ ಘಟಕಗಳ ನೀರು ದಶಕಗಳ ಕಾಲ ಇದೇ ನದಿಗೆ ಸೇರಿತು.

ದೂರುಗಳು ಹೆಚ್ಚಾದಾಗ 1990ರ ದಶಕದ ಕೊನೆಯಲ್ಲಿ ಘಟಕಗಳೆಲ್ಲ ಸೇರಿ ಬಳಸುವ ಸಾಮೂಹಿಕ ಶುದ್ಧೀಕರಣ ಕೇಂದ್ರಗಳು ಬಂದವು. ಅವು ಬಣ್ಣವನ್ನು ಕಡಿಮೆ ಮಾಡಿದವು, ಕೊಳೆಯುವ ಕಶ್ಮಲವನ್ನೂ ಕಡಿಮೆ ಮಾಡಿದವು. ಆದರೆ ಕರಗಿದ ಉಪ್ಪನ್ನು ತೆಗೆಯುವ ವ್ಯವಸ್ಥೆ ಅವುಗಳಲ್ಲಿ ಇರಲಿಲ್ಲ.

ಕೆಳಭಾಗದಲ್ಲಿ ರೈತರ ನೀರಾವರಿಗೆಂದು 1990ರ ದಶಕದ ಆರಂಭದಲ್ಲಿ ಒರತ್ತುಪಾಳಯಂ ಅಣೆಕಟ್ಟು ಕಟ್ಟಲಾಗಿತ್ತು. ಅದು ಬೆಳೆಗೆ ನೀರು ಕೊಡುವ ಬದಲು ಉಪ್ಪು ಮತ್ತು ಬಣ್ಣದ ತ್ಯಾಜ್ಯ ನಿಲ್ಲುವ ಕೊಳವಾಯಿತು. ಸುತ್ತಲಿನ ಬಾವಿಗಳ ನೀರು ಕೆಟ್ಟಿತು, ಹೊಲಗಳ ಮಣ್ಣಿಗೆ ಉಪ್ಪು ಏರಿತು. ಯಾರಿಗಾಗಿ ಅಣೆಕಟ್ಟು ಕಟ್ಟಿದರೋ ಆ ರೈತರೇ ಅದರಲ್ಲಿ ನೀರು ನಿಲ್ಲಿಸಬೇಡಿ ಎಂದು ಕೇಳುವ ಸ್ಥಿತಿ ಬಂತು.

ರೈತರು ನ್ಯಾಯಾಲಯಕ್ಕೆ ಹೋದರು. 2006ರಲ್ಲಿ ಮದ್ರಾಸ್ ಹೈಕೋರ್ಟ್ ಕಟ್ಟುನಿಟ್ಟಿನ ಆದೇಶ ಕೊಟ್ಟಿತು. ಅದು ಸರಿಯಾಗಿ ಜಾರಿಯಾಗದಿದ್ದಾಗ 2011ರ ಜನವರಿಯಲ್ಲಿ, ಹೊರಗೆ ಒಂದು ಹನಿಯೂ ತ್ಯಾಜ್ಯ ಬಿಡದ ವ್ಯವಸ್ಥೆ ಆಗುವ ತನಕ ಎಲ್ಲ ಬಣ್ಣದ ಘಟಕಗಳನ್ನೂ ಮುಚ್ಚಬೇಕೆಂದು ಆದೇಶಿಸಿತು. ಕೆಲಸಗಾರರ ಕೂಲಿಗೂ ಪೆಟ್ಟು ಬಿತ್ತು. ಮುಂದೆ ಬಂದದ್ದು ಆರ್‌ಒ ಯಂತ್ರ, ನೀರನ್ನು ಆವಿಯಾಗಿಸಿ ಉಪ್ಪು ಬೇರ್ಪಡಿಸುವ ಘಟಕ. ದುಬಾರಿ, ವಿದ್ಯುತ್ತೂ ಹೆಚ್ಚು ಬೇಕು. ಆದರೆ ಕಣ್ಣಿಗೆ ಕಾಣದ ಉಪ್ಪನ್ನು ತೆಗೆಯಲು ಅಂಥದ್ದೇ ಬೇಕಾಯಿತು.

ಸಿಪ್ಪೆಯ ಇದ್ದಿಲು ಬಣ್ಣವನ್ನು ಎಷ್ಟೇ ಚೆನ್ನಾಗಿ ತೆಗೆದರೂ ಒರತ್ತುಪಾಳಯಂನ ಉಪ್ಪಿನ ಸಮಸ್ಯೆಗೆ ಅದು ಉತ್ತರವಾಗುತ್ತಿರಲಿಲ್ಲ.

ಮನೆಯಲ್ಲೇ ಮಾಡಿ ನೋಡಿ

ನಮ್ಮ ಮಾತನ್ನೂ ಹಾಗೇ ನಂಬಬೇಡಿ, ಪರೀಕ್ಷಿಸಿ. ಮಕ್ಕಳ ಜೊತೆ ಸೇರಿ ಮಾಡಬಹುದು.

1. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಉಪ್ಪು ಹಾಕಿ ಕರಗಿಸಿ. ಕೇಕಿಗೆ ಹಾಕುವ ಫುಡ್ ಕಲರ್ ಒಂದು ಹನಿ ಸೇರಿಸಿ.

2. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಆಕ್ಟಿವೇಟೆಡ್ ಕಾರ್ಬನ್ ಅನ್ನು ಚೆನ್ನಾಗಿ ತೊಳೆದು ಅರ್ಧ ಲೋಟದಷ್ಟು ಹಾಕಿ. ಆಗಾಗ ಕಲಕುತ್ತ ಒಂದು ರಾತ್ರಿ ಬಿಡಿ.

3. ಬೆಳಿಗ್ಗೆ ನಾಲ್ಕು ಮಡಿಕೆ ಮಾಡಿದ ಬಿಳಿ ಬಟ್ಟೆಯಲ್ಲಿ ಸೋಸಿ. ಬಣ್ಣ ಹೋಗಿರುತ್ತದೆ, ಇಲ್ಲವೇ ಬಹಳ ತೆಳುವಾಗಿರುತ್ತದೆ.

4. ಆ ನೀರನ್ನು ಎರಡು ಚಮಚದಷ್ಟು ಸ್ಟೀಲ್ ತಟ್ಟೆಗೆ ಹಾಕಿ ಬಿಸಿಲಿಗಿಡಿ. ಪಕ್ಕದ ತಟ್ಟೆಯಲ್ಲಿ ಎರಡು ಚಮಚ ಕುಡಿಯುವ ನೀರು ಇಡಿ.

ನೀರು ಆರಿದ ಮೇಲೆ ಮೊದಲ ತಟ್ಟೆಯಲ್ಲಿ ಬಿಳಿ ಉಪ್ಪಿನ ಪದರ ಕಾಣುತ್ತದೆ. ವಿಡಿಯೊ ತೋರಿಸದೆ ಬಿಟ್ಟದ್ದು ಇದನ್ನೇ. ಪ್ರಯೋಗದ ನೀರನ್ನು ಕುಡಿಯಬೇಡಿ, ರುಚಿಯನ್ನೂ ನೋಡಬೇಡಿ.

ಹಿಡಿದ ಬಣ್ಣ ಎಲ್ಲಿಗೆ ಹೋಗುತ್ತದೆ?

ವಿಡಿಯೊ ಮುಗಿದ ಮೇಲೆ ಆ ಕಪ್ಪು ಪುಡಿ ಏನಾಯಿತು? ಈ ವಿಧಾನದಲ್ಲಿ ಬಣ್ಣ ನಾಶವಾಗುವುದಿಲ್ಲ. ನೀರಿನಿಂದ ಪುಡಿಗೆ ಮನೆ ಬದಲಿಸುತ್ತದೆ, ಅಷ್ಟೆ. ಆ ಪುಡಿಯನ್ನು ತಿಪ್ಪೆಗೆ ಸುರಿದರೆ, ಮಳೆಯ ನೀರಿನ ಹುಳಿ-ಕ್ಷಾರದ ಮಟ್ಟ ಬೇರೆಯಾದಾಗ ಹಿಡಿದ ಬಣ್ಣದಲ್ಲಿ ಒಂದಷ್ಟು ಮತ್ತೆ ಬಿಡುಗಡೆಯಾಗಬಹುದು. 'ಗೊಬ್ಬರವಾಗಿ ಬಳಸಿ' ಎಂಬ ಸಲಹೆಯನ್ನೂ ಕೆಲವು ಫಾರ್ವರ್ಡ್‌ಗಳಲ್ಲಿ ಕಾಣುತ್ತೇವೆ. ಬಣ್ಣ ಹಿಡಿದ ಇದ್ದಿಲನ್ನು ಹೊಲಕ್ಕೆ ಹಾಕಬೇಡಿ. ಶುದ್ಧ ಬಯೋಚಾರ್ ಮಣ್ಣಿಗೆ ಒಳ್ಳೆಯದಿರಬಹುದು, ಕಾರ್ಖಾನೆಯ ಬಣ್ಣ ಹೊತ್ತದ್ದು ಅಲ್ಲ.

ಸರಿಯಾದ ದಾರಿಗಳು ಕೆಲವೇ. ಹೆಚ್ಚಿನ ಶಾಖದಲ್ಲಿ ಮತ್ತೆ ಕಾಯಿಸಿ ಬಣ್ಣವನ್ನು ಸುಟ್ಟು ಇದ್ದಿಲನ್ನು ಮರುಬಳಸುವುದು, ಸಿಮೆಂಟ್ ಗೂಡಿನಂಥ ಅತಿ ಬಿಸಿಯ ಕಡೆ ಉರಿಸುವುದು, ಇಲ್ಲವೇ ಅಪಾಯಕಾರಿ ತ್ಯಾಜ್ಯಕ್ಕೆಂದೇ ಮಾಡಿದ ಸುರಕ್ಷಿತ ಗುಂಡಿಗೆ ಕಳಿಸುವುದು. ಎಲ್ಲದಕ್ಕೂ ಖರ್ಚಿದೆ. 'ಸಿಪ್ಪೆ ಪುಕ್ಕಟೆ' ಎನ್ನುವಾಗ ಈ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒಂದು ಲೋಟದಿಂದ ಒಂದು ಲಕ್ಷ ಲೀಟರಿಗೆ

ಇನ್ನೊಂದು ಸರಳ ಲೆಕ್ಕ ಮಾಡೋಣ. ಒಂದು ಘಟಕ ದಿನಕ್ಕೆ ಒಂದು ಲಕ್ಷ ಲೀಟರ್ ನೀರು ಬಿಡುತ್ತದೆ, ಲೀಟರಿಗೆ 200 ಮಿಲಿಗ್ರಾಂ ಬಣ್ಣ ಇದೆ ಎಂದಿಟ್ಟುಕೊಳ್ಳಿ. ದಿನಕ್ಕೆ 20 ಕಿಲೋ ಬಣ್ಣ ಆಯಿತು. ಒಂದು ಗ್ರಾಂ ಇದ್ದಿಲು 100 ಮಿಲಿಗ್ರಾಂ ಬಣ್ಣ ಹಿಡಿಯುತ್ತದೆ ಎಂದುಕೊಂಡರೆ ದಿನಕ್ಕೆ 200 ಕಿಲೋ ಇದ್ದಿಲು ಬೇಕು. ಸಿಪ್ಪೆ ಇದ್ದಿಲಾಗುವಾಗ ಮೂರನೇ ಒಂದು ಭಾಗ ಉಳಿದರೂ ದಿನಕ್ಕೆ 600 ಕಿಲೋ ಒಣ ಸಿಪ್ಪೆ. ಮಳೆಗಾಲದಲ್ಲೂ ಅದು ಒಣಗಿರಬೇಕು, ಸುಡುವ ಕುಲುಮೆ ನಡೆಯುತ್ತಿರಬೇಕು. ಸಂಜೆಗೆ ಬಣ್ಣ ಹಿಡಿದ 200 ಕಿಲೋ ಇದ್ದಿಲನ್ನು ಸಾಗಿಸಲೂ ಬೇಕು.

ಪುಡಿ ನುಣ್ಣಗಿದ್ದಷ್ಟೂ ಬೇಗ ಬಣ್ಣ ಹಿಡಿಯುತ್ತದೆ, ಆದರೆ ದೊಡ್ಡ ತೊಟ್ಟಿಯಲ್ಲಿ ಅದೇ ಪುಡಿ ಕಟ್ಟಿಕೊಂಡು ನೀರು ಇಳಿಯುವುದೇ ನಿಲ್ಲುತ್ತದೆ. ಅದಕ್ಕೇ ಕಾಳಿನ ಗಾತ್ರದ ಗಟ್ಟಿ ಇದ್ದಿಲು ಬೇಕಾಗುತ್ತದೆ. ತೆಂಗಿನ ಚಿಪ್ಪಿನ ಇದ್ದಿಲಿಗೆ ಬೇಡಿಕೆ ಇರುವುದಕ್ಕೆ ಅದರ ಗಟ್ಟಿತನವೂ ಒಂದು ಕಾರಣ. ಭತ್ತದ ಹೊಟ್ಟು, ಅಡಿಕೆ ಸಿಪ್ಪೆಯ ಇದ್ದಿಲು ಬೇಗ ಪುಡಿಯಾಗುತ್ತದೆ.

ಹಾಗಾದರೆ ಇದರಿಂದ ಪ್ರಯೋಜನವಿಲ್ಲವೇ?

ಖಂಡಿತ ಇದೆ. ತಿಪಟೂರು ಭಾಗದ ತೆಂಗಿನ ಚಿಪ್ಪು, ಮಲೆನಾಡಿನ ಅಡಿಕೆ ಸಿಪ್ಪೆ, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ಹೊಟ್ಟು, ಬಯಲುಸೀಮೆಯ ಶೇಂಗಾ ಸಿಪ್ಪೆ: ಕಚ್ಚಾವಸ್ತುವಿಗೆ ನಮ್ಮಲ್ಲಿ ಕೊರತೆಯಿಲ್ಲ. ರಸ್ತೆ ಬದಿ ಸುರಿಯುವ, ಸುಮ್ಮನೆ ಸುಡುವ ವಸ್ತುವಿಗೆ ಬೆಲೆ ಬಂದರೆ ರೈತರಿಗೂ ಒಳ್ಳೆಯದೇ.

ಬಳಸುವ ಜಾಗ ಸರಿಯಾಗಿರಬೇಕು. ದೊಡ್ಡ ಘಟಕಗಳಲ್ಲಿ ಬೇರೆ ಹಂತಗಳೆಲ್ಲ ಮುಗಿದ ಮೇಲೆ ಉಳಿಯುವ ಅಲ್ಪಸ್ವಲ್ಪ ಬಣ್ಣ, ವಾಸನೆ ತೆಗೆಯುವ ಕೊನೆಯ ಹಂತವಾಗಿ ಸಕ್ರಿಯ ಇದ್ದಿಲು ಈಗಲೂ ಬಳಕೆಯಲ್ಲಿದೆ. ಆರ್‌ಒ ಪೊರೆಗೆ ಹೋಗುವ ಮುನ್ನ ನೀರನ್ನು ಹದ ಮಾಡಲೂ ಬಳಸುತ್ತಾರೆ. ಇಳಕಲ್ಲು, ಗುಳೇದಗುಡ್ಡದಂಥ ನೇಕಾರರ ಊರುಗಳಲ್ಲಿ ನೂಲಿಗೆ ಬಣ್ಣ ಹಾಕುವ ಚಿಕ್ಕ ಘಟಕಗಳಿಗೆ ಅಗ್ಗದ, ಹತ್ತಿರದಲ್ಲೇ ಸಿಗುವ ಸಿಪ್ಪೆ ಇದ್ದಿಲು ನೆರವಾಗಬಲ್ಲದು. ಆದರೆ ಯಾವ ಬಣ್ಣಕ್ಕೆ ಯಾವ ಇದ್ದಿಲು ಎಂದು ಮೊದಲೇ ಪರೀಕ್ಷಿಸಿರಬೇಕು, ಬಳಸಿದ ಇದ್ದಿಲನ್ನು ಒಟ್ಟುಗೂಡಿಸಿ ಒಯ್ಯುವ ವ್ಯವಸ್ಥೆ ಇರಬೇಕು.

ಓದುಗರು ಕೇಳುವ ಪ್ರಶ್ನೆಗಳು

ಒಲೆಯ ಇದ್ದಿಲು ಹಾಕಿ ನೀರು ಸೋಸಬಹುದೇ? ವಾಸನೆ ಸ್ವಲ್ಪ ಕಡಿಮೆಯಾದೀತು. ರೋಗಾಣು ಸಾಯುವುದಿಲ್ಲ, ಕರಗಿದ ಲವಣ ಹೋಗುವುದಿಲ್ಲ. ಅದನ್ನು ಶುದ್ಧೀಕರಣ ಎಂದು ನಂಬಬೇಡಿ.

ನುಗ್ಗೆ ಬೀಜದ ಪುಡಿಯೂ ಇದೇ ಕೆಲಸ ಮಾಡುತ್ತದೆಯೇ? ಅದರ ಕೆಲಸ ಬೇರೆ. ನುಗ್ಗೆ ಬೀಜದ ಪ್ರೋಟೀನ್ ನೀರಿನಲ್ಲಿ ತೇಲುವ ಮಣ್ಣಿನ ಕಣಗಳನ್ನು ಒಟ್ಟುಗೂಡಿಸಿ ತಳಕ್ಕಿಳಿಸುತ್ತದೆ, ಪಟಿಕದ ಹಾಗೆ. ಕೆಂಪು ಕೆರೆ ನೀರು ತಿಳಿಯಾಗುತ್ತದೆ. ಕರಗಿದ ಉಪ್ಪಿಗೆ ಅದೂ ಮದ್ದಲ್ಲ.

ಕುದಿಸಿದರೆ ಸಾಲದೇ? ಕುದಿಸಿದರೆ ರೋಗಾಣು ಸಾಯುತ್ತವೆ. ಬಣ್ಣ, ಉಪ್ಪು, ಲೋಹ ಹೋಗುವುದಿಲ್ಲ. ನೀರು ಆವಿಯಾಗಿ ಅವು ಇನ್ನಷ್ಟು ಗಾಢವಾಗುತ್ತವೆ.

ನಮ್ಮ ಬೋರ್‌ವೆಲ್ ನೀರಿಗೆ ಬಣ್ಣ ಬಂದಿದೆ, ಏನು ಮಾಡಲಿ? ಕುಡಿಯುವುದಕ್ಕೂ ಅಡುಗೆಗೂ ಬಳಸುವುದನ್ನು ಮೊದಲು ನಿಲ್ಲಿಸಿ. ಸ್ವಚ್ಛ ಬಾಟಲಿಯಲ್ಲಿ ಮಾದರಿ ತುಂಬಿ, ಗ್ರಾಮ ಪಂಚಾಯಿತಿಯ ಮೂಲಕ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸಿ. ಹತ್ತಿರದ ಕಾರ್ಖಾನೆಯ ಮೇಲೆ ಅನುಮಾನವಿದ್ದರೆ ದಿನಾಂಕ ಸಹಿತ ಫೋಟೊ ಇಟ್ಟುಕೊಂಡು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಡಿ. ಕೆಂಪು ಬಣ್ಣ ಕಬ್ಬಿಣದ ಅಂಶದಿಂದಲೂ ಬರಬಹುದು, ಆದ್ದರಿಂದ ಪರೀಕ್ಷೆಯಿಲ್ಲದೆ ಯಾರನ್ನೂ ದೂರುವುದು ಬೇಡ.

ಫಾರ್ವರ್ಡ್ ಮಾಡುವ ಮುನ್ನ ನಾಲ್ಕು ಪ್ರಶ್ನೆ

ನೀರು ಶುದ್ಧಿ ಮಾಡುವ ವಿಡಿಯೊ ಮುಂದಿನ ಸಲ ಬಂದಾಗ ಇಷ್ಟು ಕೇಳಿಕೊಳ್ಳಿ. ಯಾವ ಬಣ್ಣವನ್ನು ತೆಗೆದರು? ಬಣ್ಣ ಬಿಟ್ಟು ನೀರಿನಲ್ಲಿ ಬೇರೆ ಏನಿತ್ತು, ಅದನ್ನು ಅಳೆದರೇ? ಸಿಪ್ಪೆಯನ್ನು ಹೇಗೆ ಹದ ಮಾಡಿದರು? ಬಳಸಿದ ಪುಡಿಯನ್ನು ಕೊನೆಗೆ ಏನು ಮಾಡಿದರು? ನಾಲ್ಕಕ್ಕೂ ಉತ್ತರ ಇದ್ದರೆ ಅದು ವಿಜ್ಞಾನದ ವಿಡಿಯೊ. ತಿಳಿ ನೀರಿನ ಲೋಟ ತೋರಿಸಿ ಯಾರಾದರೂ ಗಟಗಟ ಕುಡಿದರೆ ಅದು ಪ್ರದರ್ಶನ.

ಸಿಪ್ಪೆಯ ಇದ್ದಿಲು ಒಳ್ಳೆಯ ಕೆಲಸಗಾರ. ತನ್ನ ಪಾಲಿನ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಮಾಡದ ಕೆಲಸಕ್ಕೂ ಅದಕ್ಕೆ ಶಹಬ್ಬಾಸ್ ಹೇಳಿ ಯಾರಿಗಾದರೂ ಆ ನೀರು ಕುಡಿಸುವುದು ಬೇಡ. ನಿಮ್ಮ ಗುಂಪಿಗೆ ಆ ವಿಡಿಯೊ ಬಂದಿದ್ದರೆ ಕಳಿಸಿದವರನ್ನು ಜರೆಯದೆ, ಒಂದೇ ಸಾಲು ಬರೆಯಿರಿ: "ಬಣ್ಣ ಹೋಗುತ್ತದೆ, ಉಪ್ಪು ಹೋಗುವುದಿಲ್ಲ, ಕುಡಿಯಬೇಡಿ."